ಬಳ್ಳಿಯಮ್ಮ ಬರುವ ಬಸ್ಸು

ನನ್ನ ವಾರಗಿತ್ತಿಯ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ಸೊಟ್ಟಗಿತ್ತು. ಚಿತ್ರದ ಪುಸ್ತಕ ಬಿಡಿಸಿ ಅವಳು ಕೋಳಿ ತೋರಿಸಿದರೆ ಬೆರಳು ಪಕ್ಕದ ನಾಯಿಯ ಮೇಲಿರುತ್ತಿತ್ತು. ನನ್ನ ಮಗಳಿಗೆ ಅದರಿಂದ ಒಂದು ದಿನವೂ ಗೊಂದಲವಾಗಲಿಲ್ಲ. ನಾನು ನೆಟ್ಟಗಿನ ಬೆರಳಿಟ್ಟು ತೋರಿಸಿದರೆ ಮಾತ್ರ ಆಕಳಿಕೆ ಬರುತ್ತಿತ್ತು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಶಿಕಾರಿಪುರದಲ್ಲಿ ಅಂಗನವಾಡಿ ಟೀಚರ್; ಸ್ವಂತ ಮಕ್ಕಳಿರಲಿಲ್ಲ. ನಾನು ಸೊರಬದವಳು. ಮದುವೆಯಾಗಿ ಶಿಕಾರಿಪುರಕ್ಕೆ ಬಂದರೂ ನನ್ನ ಕೆಲಸ ಸೊರಬದ ಕಚೇರಿಯಲ್ಲೇ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ನಡುವಿನ ಹೊತ್ತೆಲ್ಲ ಮಗಳು ಅಕ್ಕನ ಸೊಂಟದ ಮೇಲೆ. ದೊಡ್ಡವ್ವ ಎನ್ನಲು ನಾಲಿಗೆ ಹೊರಳದೆ ‘ಅವ್ವ’ ಎಂದಳು, ಅದೇ ನಿಂತುಹೋಯಿತು. ನನ್ನನ್ನು ನಮ್ಮ ಸೊರಬದ ಕಡೆಯ ಹಾಗೆ ‘ಅಮ್ಮ’ ಎನ್ನುತ್ತಿದ್ದಳು. ಒಂದೇ ಮನೆಯಲ್ಲಿ ಒಬ್ಬಳು ಅವ್ವ, ಒಬ್ಬಳು ಅಮ್ಮ. ಬಿದ್ದು ಮೊಣಕಾಲು ತರಚಿದರೆ ಬಾಯಿಗೆ ಬರುತ್ತಿದ್ದದ್ದು ಅವ್ವ. ಹೆತ್ತವಳು ನಾನು, ಕರೆ ಅವಳಿಗೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಅಕ್ಕ ಪುಸ್ತಕ ಮುಟ್ಟುವ ಮೊದಲು ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಮಕ್ಕಳ ಕೈಯನ್ನೂ ಒರೆಸುತ್ತಿದ್ದಳು. “ಪುಸ್ತಕಕ್ಕೆ ಎಣ್ಣಿ ಹತ್ತಿದ್ರೆ ಇಲಿ ಬಂದು ಓದ್ಕೊಂಡು ಹೋಗ್ತಾವೆ ನೋಡವಾ” ಎನ್ನುವಳು. ಅವಳು ಆರಿಸುತ್ತಿದ್ದದ್ದೆಲ್ಲ ಜಾಗ ತಪ್ಪಿದವರ ಕತೆಗಳೇ. ಹಿಂಡು ತಪ್ಪಿದ ಕರು, ಕೆರೆಯಿಂದ ಗದ್ದೆಗೆ ಬಂದುಬಿಟ್ಟ ಏಡಿ. ಎಲ್ಲವೂ ತಮ್ಮ ಮನೆ ಯಾವುದೆಂದು ಕೇಳುತ್ತ ಹೋಗುವವು. ಮಗಳಿಗೆ ಹೆಚ್ಚು ಇಷ್ಟವಾದದ್ದು ಕುಂಬಳಕಾಯಿಯ ಪುಸ್ತಕ. ಬಳ್ಳಿಯ ಬೇರು ಒಂದು ಹಿತ್ತಲಲ್ಲಿ, ಕಾಯಿ ಬಿಟ್ಟದ್ದು ಗೋಡೆಯಾಚೆ ಇನ್ನೊಂದು ಹಿತ್ತಲಲ್ಲಿ. ನಾನು ಯಾರ ಮನೆಯವಳು ಎಂದು ಕಾಯಿ ಕೋಳಿಯನ್ನು ಕೇಳುತ್ತದೆ, ಇರುವೆಯನ್ನು ಕೇಳುತ್ತದೆ. ಅದನ್ನು ಬೇಕೆಂದೇ ಆರಿಸಿದ್ದಾಳೆ ಎಂದು ನನಗೆ ಗುಮಾನಿ. ಬೇರು ನಾನು, ಗೋಡೆಯಾಚೆಯವಳು ಅವಳು, ಕಾಯಿ ಯಾರ ಪಾಲು ಎಂದು ಹೇಳಿಕೊಡುತ್ತಿದ್ದಾಳೆ ಎಂದುಕೊಂಡೆ.

ಮಗಳಿಗೆ ನಾಲ್ಕು ತುಂಬಿದ ಬೇಸಿಗೆಯಲ್ಲಿ ರಜೆ ಹಾಕಿ ಅವಳನ್ನು ಸೊರಬಕ್ಕೆ, ನನ್ನ ತವರಿಗೆ ಕರೆದುಕೊಂಡು ಹೋದೆ. ಅಲ್ಲಿ ಅವ್ವ ಇರುವುದಿಲ್ಲ, ನನ್ನ ಹುಡುಗಿ ನನ್ನವಳಾಗುತ್ತಾಳೆ ಎಂಬ ಲೆಕ್ಕ ನನ್ನದು. ಕುಂಬಳಕಾಯಿ ಪುಸ್ತಕವನ್ನೂ ಒಯ್ದಿದ್ದೆ. ಜಗಲಿಯಲ್ಲಿ ಕೂರಿಸಿಕೊಂಡು ರಾಗವಾಗಿ ಓದಿದೆ. ಕೊನೆಯ ಪುಟದಲ್ಲಿ ಪಕ್ಕದ ಮನೆಯವಳು ಕಾಯಿಗೆ ಹುಲ್ಲು ಹಾಸಿ, “ನೀನು ನಮ್ಮ ಮನೆಯವಳು” ಎನ್ನುತ್ತಾಳೆ. ಅಲ್ಲಿಗೆ ಕತೆ ಮುಗಿಯಿತು.

“ಸುಳ್ಳು,” ಎಂದಳು ಮಗಳು. “ಬಳ್ಳಿಯಮ್ಮ ಬರ್ತಾಳೆ.”

“ಎಂತ ಬಳ್ಳಿಯಮ್ಮನೇ? ಎಲ್ಲಿಂದ?”

“ಬಸ್ಸಲ್ಲಿ. ಸೊರಬದ ಬಸ್ಸಲ್ಲಿ. ಸಂಜೆ ಆದಮೇಲೆ ಬಂದು ಕಾಯಿನ ಎತ್ಕೊಳ್ತಾಳೆ.”

ಪುಟ ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲಿಯ ಬಸ್ಸು, ಎಲ್ಲಿಯ ಬಳ್ಳಿಯಮ್ಮ. ಕೇಳಿದರೆ, ಕರುವಿನ ಅಮ್ಮನೂ ಸೊರಬದ ಬಸ್ಸಲ್ಲೇ ಬರುತ್ತಾಳಂತೆ, ಏಡಿಯ ಅಮ್ಮನೂ ಅದೇ ಬಸ್ಸಿಗೆ. ನನ್ನ ಅಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಶಿಕಾರಿಪುರಕ್ಕೆ ವಾಪಸಾದ ದಿನವೇ ಕೇಳಿದೆ. “ಅಕ್ಕ, ಆ ಪುಸ್ತಕದಲ್ಲಿ ಬಸ್ಸು ಎಲ್ಲಿದೆ?”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಇಲ್ಲ ಬಿಡು ತಂಗಿ. ಸಂಜಿ ಆದ್ರೆ ಸಾಕು, ಹುಡುಗಿ ಬಾಗ್ಲಾಗೆ ಕುಂತು ನಿನ್ನ ದಾರಿ ನೋಡ್ತಿತ್ತು. ಉಣ್ಣು ಅಂದ್ರೆ ಉಣ್ತಿರ್ಲಿಲ್ಲ. ಏನಾರ ಹೇಳ್ಬೇಕಲ್ಲ.”

ಅಷ್ಟು ವರ್ಷ ಮಗಳು ನನಗಾಗಿ ಬಾಗಿಲಲ್ಲಿ ಕಾದಿದ್ದಳು, ನನಗೆ ಗೊತ್ತೇ ಇರಲಿಲ್ಲ. ನಾನು ಒಳಗೆ ಕಾಲಿಡುವ ಹೊತ್ತಿಗೆ ಅವಳು ಅಕ್ಕನ ತೊಡೆಯ ಮೇಲೆ ಕತೆ ಕೇಳುತ್ತ ಕೂತಿರುತ್ತಿದ್ದಳು. ನನಗೆ ಕಂಡದ್ದು ಅಷ್ಟೇ. ಆ ಕಾಯುವ ಮುಖವನ್ನು ನೋಡಿದವಳೂ ಅಕ್ಕನೇ. ಸಂಜೆಸಂಜೆಯೂ ನನ್ನ ಮಗಳನ್ನು ನನಗೇ ಒಪ್ಪಿಸಿ, ಆ ಮಾತನ್ನು ಬಾಯಿಬಿಡದೆ ಇದ್ದಳು. ಕೃತಜ್ಞತೆ ಬಂತು, ಇಲ್ಲವೆನ್ನಲಾರೆ. ಅದಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಇಷ್ಟು ಒಳ್ಳೆಯವಳಾಗಿರಲು ಇವಳಿಗೇನು ಹಕ್ಕು ಎನಿಸಿತು. “ರೊಟ್ಟಿ ಸೀದು ಹೋಗ್ತಿದೆ,” ಎಂದು ಹೇಳಿ ಎದ್ದುಹೋದೆ.

ಹೋದ ಮಳೆಗಾಲದಲ್ಲಿ ಅಕ್ಕನಿಗೆ ಕಾಮಾಲೆಯಾಯಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ವಾಪಸು ಬಂದದ್ದು ಅವಳ ದೇಹ. ಸಮಾಧಿ ಮಾಡಿ ಬಂದ ಮೇಲೆ ನೆಂಟರೊಬ್ಬರು ಸಮಾಧಾನಕ್ಕೆಂದು, “ಇನ್ನು ಮಗಳು ಪೂರಾ ನಿಮ್ಮೋಳೇ ಆದ್ಲು ಬಿಡ್ರಿ” ಎಂದರು. ಅವರ ಜೊತೆ ನಾನು ಇವತ್ತಿಗೂ ಮಾತಾಡುವುದಿಲ್ಲ.

ಮಗಳು ಈಗ ಮೂರನೇ ಕ್ಲಾಸು. ಅಕ್ಕ ಹೋದ ಮೇಲೆ ಮೊದಲ ಸಲ ಶಾಲೆಗೆ ಹೋದವಳು ಸಂಜೆ ಬಂದು ಚೀಲ ಬಿಸಾಕಿ, ಚಪ್ಪಲಿ ಬಿಡುತ್ತಲೇ, “ಅವ್ವಾ, ಹಸಿವು” ಎಂದು ಕೂಗಿದಳು. ಅವತ್ತು ನಾನು ರಜೆಯಲ್ಲಿದ್ದೆ. ಅಡುಗೆಮನೆಯಿಂದ ನನಗೇ ತಿಳಿಯದೆ “ಓ” ಎಂದುಬಿಟ್ಟೆ.

ಬಾಗಿಲಿಗೆ ಬಂದು ನಿಂತಳು. ನನ್ನ ಮುಖ ನೋಡಿದಳು.

“ನಿನ್ನ ಕರೆದಿದ್ದಲ್ಲ ಅಮ್ಮ,” ಎಂದಳು.

“ಗೊತ್ತು ಕಣೇ,” ಎಂದೆ. “ಬಾ, ಉಣ್ಣು.”