ಮೊದಲ ಲಗ್ನದ ತನಕ

ನಿನ್ನೆ ಮುಂಜಾನೆ ಸೊಸೆ ಶೇಂಗಾ ಹುರಿಯುತ್ತಿದ್ದಳು. ಏಳೂವರೆಗೆ ಪತ್ರಿಕೆ ಓದುವುದು ನನ್ನ ನಿಯಮ. ಓದಲಾಗಲಿಲ್ಲ. ಆ ವಾಸನೆಗೆ ರಾಮದುರ್ಗದ ಟಾಕೀಸು ನೆನಪಾಯಿತು. ಪಕ್ಕದಲ್ಲಿ ಶೇಂಗಾ ಕಟ್ಟಿದ್ದ ಸೆರಗಿನ ಗಂಟು ಬಿಚ್ಚುತ್ತ ಕುಳಿತ ಎದುರುಮನೆಯ ವೈನಿ…

ಎಪ್ಪತ್ತರ ದಶಕ. ನಾನು ಅಲ್ಲಿಗೆ ಹೊಸದಾಗಿ ಬಂದ ಶಿಕ್ಷಕಿ. ಅತ್ತಿಗೆ ಎನ್ನುವ ಹಾಗೆ ಎದುರುಮನೆಯವರನ್ನು ಓಣಿಯೆಲ್ಲ ವೈನಿ ಎನ್ನುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ನಾನು ಬರುವ ಹಿಂದಿನ ವರ್ಷ ಅವರ ಗಂಡ ಎರಡನೇ ಲಗ್ನ ಮಾಡಿಕೊಂಡಿದ್ದರು. ಹೊಸ ಮದುಮಗಳಿಗೆ ಆರತಿ ಎತ್ತಿದವರು ಇವರೇ. ನಗುನಗುತ್ತ ಎತ್ತಿದರೆಂದು ಓಣಿಯೆಲ್ಲ ಹೊಗಳುತ್ತಿತ್ತು.

ಆಗ ಒಬ್ಬ ರಾಜನ ಸಿನಿಮಾ ಬಂತು. ಕೋಟೆ, ಕುದುರೆ, ಯುದ್ಧ. ನಡುನಡುವೆ ರಾಜನ ಮೂರು ಲಗ್ನ. ಭಾನುವಾರ ವೈನಿ ನನ್ನನ್ನು ಕರೆದೊಯ್ದರು. ಮೊದಲ ಲಗ್ನದ ಅಕ್ಷತೆ ಬಿದ್ದದ್ದೇ ತಡ, ಉಳಿದ ಶೇಂಗಾ ನನ್ನ ಉಡಿಗೆ ಸುರಿದು ಎದ್ದು ಹೋದರು. ಮುಂದಿನ ಭಾನುವಾರವೂ ಹಾಗೆಯೇ. ಬಾಗಿಲು ಕಾಯುವವನು ಚೇಷ್ಟೆ ಮಾಡಿದ.

“ಅವ್ವಾರ, ರಾಜಂದು ಇನ್ನೂ ಎರಡು ಲಗ್ನ ಅದಾವ. ಊಟಾ ಮಾಡಿ ಹೋಗ್ರಿ.”

“ನೀನ ಉಣ್ಣಪಾ. ನನಗ ಒಂದು ಲಗ್ನಕ್ಕ ಹೊಟ್ಟಿ ತುಂಬೇತಿ,” ಎಂದರು ವೈನಿ.

ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು ನಾನು. ತಾಟಿನಲ್ಲಿ ಅನ್ನ ಬಿಡಬಾರದು, ಹಿಡಿದ ಪುಸ್ತಕ ನಡುವೆ ಮುಚ್ಚಬಾರದು. ಮೂರನೇ ಭಾನುವಾರ ಅವರು ಏಳುತ್ತಲೇ ಕೈ ಹಿಡಿದು ಜಗ್ಗಿದೆ.

“ಯಾವದನ್ನೂ ಅರ್ಧಕ್ಕ ಬಿಡಬಾರದ್ರಿ ವೈನಿ. ಕುಂದರ್ರಿ.”

“ಮುಂದಿಂದು ನನಗ ಗೊತ್ತೈತ್ರಿ ಅಕ್ಕೋರ.”

ನಾನು ಕೈ ಬಿಡಲಿಲ್ಲ.

ತೆರೆಯ ಮೇಲೆ ಹಿರಿಯ ರಾಣಿ ಹೊಸ ರಾಣಿಗೆ ಆರತಿ ಎತ್ತಿದಳು. ಮುಖದಲ್ಲಿ ನಗೆ. “ಎಷ್ಟು ದೊಡ್ಡ ಮನಸು ನೋಡ ಆಕಿದು,” ಎಂದಳು ಹಿಂದಿನ ಸಾಲಿನ ಹೆಂಗಸೊಬ್ಬಳು.

“ಆಕಿ ತಾಟು ಅಳ್ಳಾಡಲಿಲ್ಲ ನೋಡ್ರಿ,” ವೈನಿ ಮೆಲ್ಲಗೆ ಹೇಳಿದರು. “ನಂದು ಅಳ್ಳಾಡಿತ್ತು. ಯಾರೂ ನೋಡಲಿಲ್ಲ.”

ಕೊನೆಯವರೆಗೂ ಕುಳಿತರು. ಶೇಂಗಾ ಒಂದನ್ನೂ ಸುಲಿಯಲಿಲ್ಲ…

ನಾಲ್ಕು ದಿನದ ಮೇಲೆ, ನಾನು ಶಾಲೆಗೆ ಹೊರಟಾಗ, ಟ್ರಂಕು ಹಿಡಿದು ಬಾಗಿಲಿಗೆ ಬಂದರು. ಕಟಕೋಳಕ್ಕೆ, ತಮ್ಮನ ಮನೆಗೆ ಹೊರಟಿದ್ದರು. ಯಾವಾಗ ಬರುತ್ತೀರಿ ಎಂದು ಕೇಳಿದೆ.

“ಇಷ್ಟು ವರ್ಷ ಆ ಮನಿ ನಂದ ಅಂದ್ಕೊಂಡು ಕುಂತಿದ್ದೆ. ಇದೊಂದನ್ನ ಅರ್ಧಕ್ಕ ಬಿಟ್ಟು ಹೊಂಟೇನಿ ಅಕ್ಕೋರ. ಸಿಟ್ಟಾಗಬ್ಯಾಡ್ರಿ.”

ನಕ್ಕರು. ಪ್ರಾರ್ಥನೆಯ ಗಂಟೆಗೆ ನನಗೆ ತಡವಾಗುತ್ತಿತ್ತು. ಬಸ್‌ ನಿಲ್ದಾಣದ ತನಕ ಆ ಟ್ರಂಕಿಗೆ ಒಂದು ಕೈ ಕೊಡಲಿಲ್ಲ. ಅಂದೂ ನಾನು ಶಾಲೆಗೆ ಸರಿಯಾದ ವೇಳೆಗೇ ಮುಟ್ಟಿದೆ.

ಕಟಕೋಳ ದೂರದ ಊರಲ್ಲ. ಹೋಗಿ ಬರಬೇಕು ಎನ್ನುತ್ತಲೇ ನನಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ಮುಟ್ಟುವಾಗ ತಿಂಗಳುಗಳೇ ಕಳೆದಿದ್ದವು…

ಸೊಸೆ ಬಟ್ಟಲಲ್ಲಿ ಶೇಂಗಾ ತಂದಿಟ್ಟಳು. “ಆರಿದ್ರ ರುಚಿ ಹೋಗತೈತ್ರಿ ಅತ್ತಿ.”

ಒಂದನ್ನು ಕೈಯಲ್ಲಿ ಹಿಡಿದು ಕುಳಿತೆ. ಆರುವ ತನಕ ಹಿಡಿದಿದ್ದೆ. ಸುಲಿಯಲಾಗಲಿಲ್ಲ.