ಟುಲಿಪ್ ಮಡಿಯಲ್ಲಿ ಪಾರವ್ವ

ನಿಯಮವೆಂದರೆ ನಿಯಮ; ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದೇ ಅದು. ಹಾಗಾಗಿ ಇಂಗ್ಲೆಂಡಿನ ಆ ಪುರಾತನ ಉದ್ಯಾನದ ಬಾಗಿಲಲ್ಲೇ ಫಲಕವನ್ನು ಪೂರ್ತಿ ಓದಿ, ನನ್ನ ನಾದಿನಿ ಪಾರವ್ವನಿಗೆ ಕನ್ನಡದಲ್ಲಿ ಎರಡು ಸಲ ಹೇಳಿದ್ದೆ: ಹೂ ಕೀಳಬಾರದು, ಹುಲ್ಲಿನ ಮೇಲೆ ಕಾಲಿಡಬಾರದು.

ವಸಂತದ ಎಳೆಬಿಸಿಲಿಗೆ ಟುಲಿಪ್ ಹೂಗಳು ಮಡಿಮಡಿಯಾಗಿ ಅರಳಿದ್ದವು. ನಾನು ಫೋಟೋ ತೆಗೆದು ತಿರುಗುವಷ್ಟರಲ್ಲಿ, ಯಲಬುರ್ಗಾದಲ್ಲಿ ಹೊಲ ನೋಡಿಕೊಳ್ಳುವ ಪಾರವ್ವ ದಾರಿಯಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಟುಲಿಪ್ ಸಾಲಿನ ಕಸ ಕೀಳುತ್ತಿದ್ದಳು! ಗಾಬರಿಯಿಂದ ಓಡಿ ಅವಳೆದುರು ನಿಂತೆ.

“ಏಳು ಪಾರವ್ವಾ, ಪರದೇಶದಾಗ ಮರ್ಯಾದಿ ಕಳೀಬ್ಯಾಡ!”

“ನಾ ಹೂವು ಮುಟ್ಟಿಲ್ರಿ ವೈನಿ. ಇಷ್ಟ ಛಲೋ ಬೆಳಿಯಾಗ ಕಸ ನೋಡಿ ಹ್ಯಾಂಗ ಸುಮ್ನ ಹೋಗೂದು?”

ಅಷ್ಟರಲ್ಲಿ ಕೈಗಾಡಿ ತಳ್ಳುತ್ತ ಬಿಳಿಗೂದಲಿನ ತೋಟಗಾರ್ತಿ ಬಂದೇಬಿಟ್ಟಳು. ನಾನು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ನಮ್ಮದು ಕೊಪ್ಪಳದ ಶಿಸ್ತಿನ ಮನೆತನವೆಂದೂ, ಇಂಥದ್ದು ಹಿಂದೆಂದೂ ನಡೆದಿಲ್ಲವೆಂದೂ ವಿವರಿಸಿದೆ. ಆಕೆ ಪಾರವ್ವನ ಕೈಯಲ್ಲಿದ್ದ ಕಸವನ್ನು ಇಸಿದುಕೊಂಡು, ಬೇರು ತುಂಡಾಗದೆ ಬಂದಿರುವುದನ್ನು ನೋಡಿ ಮೆಚ್ಚುಗೆಯಿಂದ ತಲೆದೂಗಿದಳು. ಪಕ್ಕದ ಮಡಿಯಲ್ಲಿದ್ದ ಇನ್ನೊಂದು ಕಸವನ್ನೂ ಬೆರಳು ಮಾಡಿ ತೋರಿಸಿದಳು! ಪಾರವ್ವ ಅತ್ತ ಸರಿದಳು.

ಆಮೇಲೆ ತೋಟಗಾರ್ತಿ ನನ್ನತ್ತ ತಿರುಗಿ, “ಇವರಿಂದ ಏನೂ ತೊಂದರೆಯಿಲ್ಲ ಮೇಡಂ. ತಾವು ಮಾತ್ರ ದಯವಿಟ್ಟು ಹುಲ್ಲಿನಿಂದಾಚೆ ಬನ್ನಿ” ಎಂದಳು.

ಕೆಳಗೆ ನೋಡಿಕೊಂಡೆ. ನನ್ನ ಎರಡೂ ಪಾದಗಳು ಹುಲ್ಲಿನ ಮೇಲಿದ್ದವು.

ಈಗ ಮನೆಗೆ ಬಂದವರು ಯಾರಾದರೂ ನನ್ನ ಇಂಗ್ಲಿಷನ್ನು ಹೊಗಳಿದರೆ ಪಾರವ್ವ ತಕ್ಷಣ ದನಿಗೂಡಿಸುತ್ತಾಳೆ: “ಹೌದ್ರಿ, ನಮ್ಮ ವೈನಿಗೆ ಬೋರ್ಡ್ ಓದಾಕ ಭಾಳ ಛಲೋ ಬರ್ತೈತಿ.”