ಭಾವ ಅರೆದ ಗಾರೆ

ನಮ್ಮ ಭಾವ ತಿಮ್ಮಣ್ಣನ ನಾಲಿಗೆಯ ತುದಿ ಸುಟ್ಟು ಬೆಳ್ಳಗಾಗಿತ್ತು. ತಮಿಳು ಸೀಮೆಯ ಗೂಡಲೂರಿನ ಮೇಲಿನ ಘಟ್ಟದಲ್ಲಿ ದೊರೆಗಳು ಅಣೆ ಕಟ್ಟಿಸುತ್ತಿದ್ದಾಗ ಅವನು ಅಲ್ಲಿ ಗಾರೆ ಮೇಸ್ತ್ರಿ. ಯಾರು ಸುಣ್ಣ ತಂದರೂ ಚಿಟಿಕೆಯಷ್ಟು ನೆನೆಸಿ, ವೀಳ್ಯದೆಲೆಗೆ ಸವರಿ ಅಗಿದು ನೋಡುವನು. ಚುರುಕಿದ್ದರೆ ಗಾಡಿ ಒಳಕ್ಕೆ, ಇಲ್ಲದಿದ್ದರೆ ಬಂದ ದಾರಿಗೆ.

ಅವನಿಗೆ ಬರುತ್ತಿದ್ದ ಇಂಗ್ಲಿಷು ಒಂದೇ: ‘ಮಿಕ್ಸ್ ಇನ್’. ಅರ್ಥ ಕೇಳಿದ್ದಕ್ಕೆ ನನ್ನನ್ನು ಎತ್ತು ಕಟ್ಟಿದ ಗಾರೆ ಗಾಣದ ಮುಂದೆ ನಿಲ್ಲಿಸಿ, ಸುಣ್ಣದ ಮೇಲೆ ಇಟ್ಟಿಗೆ ಪುಡಿ ಸುರಿದ. ಹೆಂಡತಿಯ ತಮ್ಮನಾದ ನನ್ನನ್ನು ಅವನು ಕರೆಯುತ್ತಿದ್ದುದು ‘ಮಾಪ್ಳೆ’ ಎಂದೇ.

“ಇದು ಸುಮ್ನೆ ಸೇರ್ಸಿದ್ದು, ಮಾಪ್ಳೆ. ಬೇಕಂದ್ರೆ ಕೈಯಾಗೆ ಎತ್ತಿ ತೆಗೀಬೋದು.” ಕಲ್ಲಿನ ಗಾಲಿ ಸುತ್ತಿ ಸುತ್ತಿ, ಬಿಳುಪೂ ಕೆಂಪೂ ಹೋಗಿ ಒಂದೇ ಬಣ್ಣ ಬಂದ ಮೇಲೆ ಹೇಳಿದ: “ಈಗ ತೆಗಿ ನೋಡಾನ. ಇದು ಮಿಕ್ಸ್ ಇನ್.”

ಊಟಕ್ಕೆ ಕೂತು ಅನ್ನಕ್ಕೆ ಮಜ್ಜಿಗೆ ಕೇಳುವಾಗಲೂ ಅದೇ. “ಸೋತ್ತಿಗೆ ಮೋರು ಮಿಕ್ಸ್ ಇನ್ ಮಾಡಮ್ಮೀ.” ಅಕ್ಕ ಬಿಡುವವಳಲ್ಲ: “ಇರು, ದೊರೆಸಾನಿ ಬಂದು ಕಲಸ್ತಾಳೆ.”

ನಾನು ಸುಣ್ಣದ ವ್ಯಾಪಾರವನ್ನು ತಲೆಹೊರೆಯಿಂದ ಶುರುಮಾಡಿ ಗಾಡಿ ಕಟ್ಟಿದವನು. ಸರಕು ಚೆಲ್ಲಿ ಅಭ್ಯಾಸವಿಲ್ಲ. ಒಂದು ಮಳೆಗಾಲ ದಾರಿಯಲ್ಲೇ ಎರಡು ಗಾಡಿ ಸುಣ್ಣ ತೇವ ಕುಡಿದು ಸತ್ತುಹೋಯಿತು. ನಮ್ಮವರಲ್ಲಿ ಹೆಂಡತಿಯ ತಮ್ಮ ಮಡಿಸಿ ಕೊಟ್ಟ ಎಲೆಯನ್ನು ಬಿಚ್ಚಿ ನೋಡುವಂತಿಲ್ಲ. ಬಿಚ್ಚಿದರೆ ನಂಟನ್ನೇ ಶಂಕಿಸಿದಂತೆ. ಗಾಡಿಯದರ ಬದಲು, ನೋಡಿದರೆ ಗುರುತು ಸಿಗುವಂಥ ನನ್ನ ಎಲೆಡಬ್ಬಿಯ ನುಣ್ಣನೆಯ ಒಳ್ಳೆಯ ಸುಣ್ಣ ಸವರಿ, ಎಲೆ ಮಡಿಸಿ, “ಇದೇ ಸರಕು, ಭಾವ” ಎಂದು ಕೊಟ್ಟೆ. ಅಗಿದ.

“ಚುರುಕೈತೆ. ಗಾಡಿ ಬಿಡು.”

ಅರ್ಧ ಅರೆದ ಮೇಲೆ ಗಾಣ ನಿಲ್ಲಿಸಿದ. “ಮಾಪ್ಳೆ, ಸತ್ತಂಗೆ ಕಾಣ್ತದಲ್ಲೋ.”

“ಬಾಯಾಗೆ ಚುರುಕಿತ್ತಲ್ಲ, ಭಾವ?”

ನನ್ನ ಮುಖವನ್ನೇ ನೋಡಿದ. ಆಮೇಲೆ ತಾನೇ ಎತ್ತು ಹೊಡೆದ.

ಆ ಗಾರೆ ಹೋದದ್ದು ಕೂಲಿಯವರ ಗುಡಿಸಲುಗಳ ಮೇಲಿನ ತಡೆಗೋಡೆಗೆ. ಒಂದು ಸಂಜೆಯ ಮಳೆಗೆ ಗೋಡೆ ಕೂತುಹೋಯಿತು. ಕೆಳಗೆ ಕಟ್ಟಿದ್ದ ಎತ್ತು ಬಿಚ್ಚಲು ಹೋಗಿದ್ದವನು ಭಾವ. ಮಾರನೆಯ ದಿನ ಕಲ್ಲು ಸರಿಸಿ ಎತ್ತಿದೆವು. ಅವನ ಎದೆಯ ಮೇಲಿದ್ದ ಗಾರೆ ನನ್ನ ಬೆರಳಿಗೆ ಹಸಿ ಹಿಟ್ಟಿನಂತೆ ಬಂತು.

ಸುಣ್ಣ ಕೊಳ್ಳುವವರಿಗೆ ನನ್ನದೊಂದು ಮಾತು: ಯಾರ ಎಲೆಯನ್ನಾದರೂ ಬಿಚ್ಚಿ ನೋಡಿ. ನಂಟನದನ್ನು ಮೊದಲು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಭಾವನ ವರ್ಷದ ತಿಥಿಗೆ ಅವರ ಊರು ತೇವಾರಕ್ಕೆ ಹೋದಾಗ ಅಕ್ಕನಿಗೆ ಎಲೆ ಮಡಿಸಿ ಕೊಟ್ಟೆ. ಅವಳು ಬಿಚ್ಚಿದಳು. ಸುಣ್ಣವನ್ನು ಉಗುರಿನಿಂದ ಪೂರಾ ಕೆರೆದು ನೆಲಕ್ಕೆ ಒರೆಸಿದಳು. ಬರಿಯ ಎಲೆ ಬಾಯಿಗಿಟ್ಟುಕೊಂಡು, “ಉಂಡು ಹೋಗು, ತಮ್ಮಾ” ಎಂದಳು.